ಕಿತ್ತಳೆ ಗೆರೆಗಾಗಿ ಕಾಯುವ ಮಲ್ಲಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹೊರಗೆ ಹುಲ್ಲಿನ ಮೇಲೆ ಬಿದ್ದ ಹಿಮ ಬೆಳ್ಳಗೆ ಗಟ್ಟಿಯಾಗಿದೆ. ಊಟಿಯಿಂದ ಇತ್ತಲಾರಿಗೆ ಹೋಗುವ ದಾರಿಯ ಪಕ್ಕದಲ್ಲಿರುವ ಬೆಟ್ಟದ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಒಂದೇ ಒಂದು ಕೋಣೆಯಲ್ಲಿ ದೀಪವಿದೆ. ಕೋಣೆಯ ನಡುವೆ ಎದೆಯೆತ್ತರದ ಬೂದು ಬಣ್ಣದ ಪೆಟ್ಟಿಗೆ. ಅದರ ಮುಚ್ಚಳದ ಮೇಲೆ ಬಲ ಅಂಗೈ ಊರಿ, ಕಣ್ಣು ಮುಚ್ಚಿಕೊಂಡು ಮಲ್ಲಿ ನಿಂತಿದ್ದಾರೆ. ಬಿಳಿ ಮುಂಡಿನ ಮೇಲೆ ಗಂಡನ ಹಳೆಯ ಸ್ವೆಟರ್, ತಲೆಗೆ ಬಿಳಿ ವಸ್ತ್ರ, ಕಾಲಿಗೆ ರಬ್ಬರ್ ಚಪ್ಪಲಿ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಅವರು ಪೆಟ್ಟಿಗೆಯ ಮೈ ಮುಟ್ಟಿ ನೋಡುತ್ತಿದ್ದಾರೆ.

"ಸರಿಯಾಗಿ ಇಳೀತಿದೆ," ಎಂದು ಕಣ್ಣು ಬಿಡುತ್ತಾರೆ. "ಅದುರು ಇಲ್ಲೆ."

ಪೆಟ್ಟಿಗೆ ಎಂದರೆ ದ್ರವವನ್ನು ಅತಿ ವೇಗವಾಗಿ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ. ಅದರೊಳಗೆ, ಗಾಳಿ ತೆಗೆದ ಕೊಠಡಿಯಲ್ಲಿ, ರೋಟರ್ ಎಂಬ ಲೋಹದ ಚಕ್ರ ತಿರುಗುತ್ತಿದೆ. ಮೊನ್ನೆ ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ಹೊರಟದ್ದು ನಲವತ್ತನಾಲ್ಕು ಗಂಟೆ, ನಿಮಿಷಕ್ಕೆ ಮೂವತ್ತೆಂಟು ಸಾವಿರ ಸುತ್ತಿನಂತೆ ತಿರುಗಿ, ಐದು ನಿಮಿಷದ ಹಿಂದೆ ಮೋಟರಿನ ಹಿಡಿತದಿಂದ ಬಿಡುಗಡೆಯಾಗಿದೆ. ಬ್ರೇಕಿನ ಗುಂಡಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ. ಮಲ್ಲಿ ಒತ್ತುವುದಿಲ್ಲ. ತಾನಾಗಿ ನಿಲ್ಲಲು ಮುಕ್ಕಾಲು ಗಂಟೆಯ ಮೇಲಾಗುತ್ತದೆ. ಅಷ್ಟು ಹೊತ್ತೂ ಅವರು ಅಲ್ಲೇ ನಿಂತಿರುತ್ತಾರೆ.

"ಬ್ರೇಕ್ ಹಾಕಿದ್ರೆ ಒಳಗಿನದೆಲ್ಲ ಕಲಕಿ ಹೋಗ್ತದೆ. ಘಾಟಿ ರಸ್ತೇಲಿ ಬಸ್ಸು ಸಡನ್ನಾಗಿ ನಿಂತ್ರೆ ಹಿಂದಿನವರು ಮುಂದಿನವರ ಮೇಲೆ ಬೀಳೋದಿಲ್ವಾ, ಹಾಂಗೆ. ಎರಡು ದಿನ ಕಾದವಳಿಗೆ ಒಂದು ಗಂಟೆ ಏನು ಕಷ್ಟ?"

ಮಲ್ಲಿಗೆ ನಲವತ್ತಾರು ವರ್ಷ. ನೀಲಗಿರಿಯ ಬಡಗ ಸಮುದಾಯದವರು. ನಮ್ಮಂಥ ಮೈಸೂರು ಕಡೆಯವರಿಗೆ ತಿಳಿಯಲೆಂದು ಮಾತನ್ನು ನಿಧಾನವಾಗಿ ಕನ್ನಡಕ್ಕೆ ತಿರುಗಿಸಿ ಆಡುತ್ತಾರೆ. ಆದರೂ ತಮ್ಮ ನುಡಿಯ 'ಎನಗೆ', 'ಇಲ್ಲೆ' ನಡುನಡುವೆ ಬಂದುಬಿಡುತ್ತವೆ. ಕೇಂದ್ರದ ದಾಖಲೆಯಲ್ಲಿ ಅವರ ಹುದ್ದೆ ಕಸ ಗುಡಿಸುವುದು. ಹದಿನೇಳು ವರ್ಷಗಳಿಂದ ಅವರು ಮಾಡುತ್ತಿರುವ ಕೆಲಸ ಬೇರೆ: ಕಣ್ಣಿಗೆ ಕಾಣದ ವಸ್ತುಗಳನ್ನು ಅವುಗಳ ಸಾಂದ್ರತೆಗೆ ತಕ್ಕಂತೆ ಒಂದೊಂದೇ ಬಿಡಿಸಿ ಕೊಡುವುದು. ಈ ಬೆಟ್ಟದಲ್ಲಿ ಆ ಕೆಲಸ ಇವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ ಎಂದು ಇಲ್ಲಿನ ವಿಜ್ಞಾನಿಗಳೇ ಹೇಳುತ್ತಾರೆ.

ಈಗ ತಿರುಗುತ್ತಿರುವ ಚಕ್ರದಲ್ಲಿ ಎರಡು ಟ್ಯೂಬುಗಳಿವೆ. ಒಂದರಲ್ಲಿ ಚಹಾ ಎಲೆಯ ಸಾರ. ಅದು ಹೋಲಿಕೆಗೆಂದು ಇಟ್ಟದ್ದು, ಹೋದರೆ ಹೋಯಿತು. ಇನ್ನೊಂದರಲ್ಲಿ ಇರುವುದು ಮಲ್ಲಿಯ ಅತ್ತೆ ಮಾಸಿಯವರು ಇಪ್ಪತ್ತೆರಡು ವರ್ಷ ಅಟ್ಟದ ಮೇಲೆ ಕಾಪಾಡಿದ್ದ ಒಂದು ಹಿಡಿ ಕೊರಲಿ ಧಾನ್ಯದಲ್ಲಿ ಉಳಿದ ಕೊನೆಯ ಪಾಲು. ಅವರ ಹಟ್ಟಿಯ ಆ ಕೆಂಪು ಕೊರಲಿ ಈ ಬೆಟ್ಟದಲ್ಲಿ ಇನ್ನೆಲ್ಲೂ ಒಂದು ಕಾಳಿಲ್ಲ. ಟ್ಯೂಬಿನ ನಡುವೆ ಒಂದು ಕಿತ್ತಳೆ ಬಣ್ಣದ ಗೆರೆ ಕಂಡರೆ ಅದನ್ನು ಮರಳಿ ಪಡೆಯುವ ದಾರಿ ಇದೆ. ಕಾಣದಿದ್ದರೆ ಇಲ್ಲ.

ಮಲ್ಲಿಯ ಮನೆ ಇತ್ತಲಾರಿನಿಂದ ಒಂದೂವರೆ ಮೈಲಿ ಕೆಳಗಿನ ಹಟ್ಟಿಯಲ್ಲಿ. ಗಂಡ ಭೋಜನ್ ಒಂದೂಕಾಲು ಎಕರೆ ಚಹಾ ತೋಟ ನೋಡಿಕೊಳ್ಳುತ್ತಾರೆ. ೧೯೮೭ರಲ್ಲಿ ಮಲ್ಲಿ ಇಲ್ಲಿ ಪೊರಕೆ ಹಿಡಿದು ಸೇರಿದಾಗ ಕೇಂದ್ರದಲ್ಲಿ ಆಲೂಗಡ್ಡೆಯ ಎಲೆ ಮುದುಡುವ ವೈರಸ್ಸಿನ ಮೇಲೆ ಕೆಲಸ ನಡೆಯುತ್ತಿತ್ತು. ವೈರಸ್ಸನ್ನು ಬೇರ್ಪಡಿಸಲು ಸಕ್ಕರೆ ನೀರಿನ ಮೆಟ್ಟಿಲು ಕಟ್ಟಬೇಕು. ಟ್ಯೂಬಿನ ತಳದಲ್ಲಿ ಮಂದ ಪಾಕ, ಅದರ ಮೇಲೆ ಸ್ವಲ್ಪ ತೆಳು, ಅದರ ಮೇಲೆ ಇನ್ನೂ ತೆಳು. ಒಂದರೊಳಗೊಂದು ಬೆರೆಯದ ಹಾಗೆ ಸಿರಿಂಜಿನಿಂದ ಗಾಜಿನ ಗೋಡೆಗುಂಟ ಇಳಿಬಿಡಬೇಕು. ಆಗಿನ ವಿಜ್ಞಾನಿಗೆ ಎಷ್ಟು ಮಾಡಿದರೂ ಪದರ ಕಲಕಿ ಹೋಗುತ್ತಿತ್ತು. ನೆಲ ಒರೆಸುತ್ತಿದ್ದ ಮಲ್ಲಿ ಮೂರು ತಿಂಗಳು ನೋಡಿ ನೋಡಿ, ಒಂದು ದಿನ ತಡೆಯಲಾರದೆ, "ಸಾರ್, ನಾನೊಂದು ಸಲ ಬಿಡಲಾ?" ಎಂದರಂತೆ.

"ಅವರು ಸಿಟ್ಟಲ್ಲೇ ಸಿರಿಂಜು ಕೈಗೆ ಕೊಟ್ಟರು. ಬಿಟ್ಟೆ. ನಾಲ್ಕು ಪದರವೂ ನಿಂತ್ವು. ಅವರು ನನ್ನ ಮುಖ ನೋಡಿದ್ರು, ಟ್ಯೂಬು ನೋಡಿದ್ರು. ಪೊರಕೆ ಬೇರೆಯವರಿಗೆ ಕೊಡು ಅಂದ್ರು," ಎಂದು ಮಲ್ಲಿ ನಗುತ್ತಾರೆ. "ಎಂಗಳ ಹಳೇ ಮನೆಗಳಲ್ಲಿ ಹಾಲಿಡೋ ಕೋಣೆಗೆ ಹೆಂಗಸರು ಹೋಗೋ ಹಾಂಗಿಲ್ಲೆ, ಹಾಲು ಗಂಡಸರೇ ಮುಟ್ಟಬೇಕು. ಸರ್ಕಾರದವರು ಪುಣ್ಯಾತ್ಮರು, ಸಕ್ಕರೆ ನೀರು ಮುಟ್ಟೋಕೆ ಬಿಟ್ಟರು."

ಡಿಎನ್‌ಎ ಬೇರ್ಪಡಿಸುವ ಕೆಲಸಕ್ಕೆ ಸಕ್ಕರೆ ಸಾಲದು. ಅದಕ್ಕೆ ಸೀಸಿಯಂ ಎಂಬ ಲೋಹದ ಉಪ್ಪು ಬೇಕು. ಬಲು ತೂಕದ ಉಪ್ಪು. ಅದನ್ನು ನೀರಿನಲ್ಲಿ ಕರಗಿಸಿ, ಜಜ್ಜಿ ತೆಗೆದ ಸಾರ ಸೇರಿಸಿ, ಡಿಎನ್‌ಎಗೆ ಅಂಟಿಕೊಳ್ಳುವ ಒಂದು ಕೆಂಪು ಬಣ್ಣ ಬೆರೆಸಿ, ಮೇಲೆ ಎಣ್ಣೆ ತುಂಬಿ ತಿರುಗಲು ಬಿಡುತ್ತಾರೆ. ಇಲ್ಲಿ ಮೆಟ್ಟಿಲು ಕಟ್ಟುವುದು ಬೇಡ. ಅಷ್ಟು ವೇಗದಲ್ಲಿ ಎರಡು ದಿನ ತಿರುಗಿದರೆ ಕರಗಿದ ಉಪ್ಪೇ ತಳದ ಕಡೆಗೆ ಸರಿಯುತ್ತದೆ. ಕೆಳಗೆ ಮಂದ, ಮೇಲೆ ಹೋದಂತೆ ತೆಳು, ನಡುವೆ ಎಲ್ಲಿಯೂ ಗಡಿಯಿಲ್ಲದ ಒಂದು ಇಳಿಜಾರು ಟ್ಯೂಬಿನೊಳಗೆ ತಾನಾಗಿ ಏರ್ಪಡುತ್ತದೆ. ಸಾರದಲ್ಲಿದ್ದ ಒಂದೊಂದು ಬಗೆಯ ಕಣವೂ ಆ ಇಳಿಜಾರಿನಲ್ಲಿ ತನ್ನ ಸಾಂದ್ರತೆಯೂ ಉಪ್ಪು ನೀರಿನ ಸಾಂದ್ರತೆಯೂ ಸಮವಾಗುವ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮೇಲೂ ಹೋಗದು, ಕೆಳಗೂ ಇಳಿಯದು. ಪ್ರೋಟೀನು ಹಗುರ, ತೇಲಿ ಮೇಲುಳಿಯುತ್ತದೆ. ಆರ್‌ಎನ್‌ಎ ಎಲ್ಲಕ್ಕಿಂತ ಮಂದ, ತಳ ಹಿಡಿಯುತ್ತದೆ. ಡಿಎನ್‌ಎ ನಡುವೆ ಒಂದು ಗೆರೆಯಾಗಿ ಕೂಡುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಟ್ಟರೆ ಆ ಗೆರೆ ಕಿತ್ತಳೆಯಾಗಿ ಹೊಳೆಯುತ್ತದೆ.

ಹಟ್ಟಿಯ ಹೆಂಗಸರು ಕೇಳಿದರೆ ಮಲ್ಲಿ ಇದನ್ನು ಬಸ್ಸಿನ ಲೆಕ್ಕದಲ್ಲಿ ಹೇಳುತ್ತಾರೆ. "ಕೂನೂರಿಂದ ಮೇಟ್ಟುಪಾಳ್ಯಕ್ಕೆ ಇಳಿಯೋ ಬಸ್ಸು ನೋಡಿದ್ದೀರಲ್ಲ? ಹತ್ತುವಾಗ ಎಲ್ಲರೂ ಒಟ್ಟಿಗೆ ತುಳ್ಕೊಂಡು ಹತ್ತುತಾರೆ. ಯಾರ ಊರು ಬಂತೋ ಅವರು ಇಳೀತಾರೆ. ನೀನು ಇಲ್ಲಿಳಿ ಅಂತ ಯಾರೂ ಹೇಳಬೇಕಾಗಿಲ್ಲೆ. ಅವರವರ ಜಾಗ ಅವರವರಿಗೆ ಗೊತ್ತು."

"ಹಾಂಗಾದ್ರೆ ನೀನು ಕಂಡಕ್ಟರಾ?" ಎಂದು ಪಕ್ಕದ ಮನೆಯವರು ಕೆಣಕುತ್ತಾರಂತೆ. "ಟಿಕೆಟ್ ಕೊಡ್ತೀಯಾ?"

"ಇಲ್ಲೆ, ನಾನು ಡ್ರೈವರು. ಬ್ರೇಕ್ ಹಾಕದೆ ಇಳಿಸೋಳು."

ಚಕ್ರ ಓಡಿಸುವ ಕೆಲಸದಲ್ಲಿ ಅತಿ ಮುಖ್ಯವಾದುದು ತೂಗುವುದು. ಚಕ್ರಕ್ಕೆ ಆರು ಲೋಹದ ಬಕೆಟ್ಟುಗಳು ನೇತಾಡುತ್ತವೆ, ತಿರುಗುವಾಗ ತಳ ಹೊರಗಾಗಿ ಅಡ್ಡಕ್ಕೆ ಏಳುತ್ತವೆ, ಒಂದೊಂದರಲ್ಲಿ ಒಂದು ಟ್ಯೂಬು ಕೂರುತ್ತದೆ. ಎದುರುಬದುರಾದ ಎರಡು ಟ್ಯೂಬುಗಳ ತೂಕ ಗ್ರಾಮಿನ ನೂರನೇ ಪಾಲಿನಷ್ಟೂ ಹೆಚ್ಚು ಕಡಿಮೆ ಆಗಬಾರದು ಎನ್ನುವುದು ಮಲ್ಲಿಯ ಲೆಕ್ಕ. ಒಂದೇ ಸಾರ ಇದ್ದಾಗ ಎದುರಿಗೆ ತೂಕ ಸರಿದೂಗಿಸಲು ಸಾರವಿಲ್ಲದ ಒಂದು ಜೋಡಿ ಟ್ಯೂಬು ಇಡುತ್ತಾರೆ. ಅದಕ್ಕೆ ತೂಕ ಸಮವಾದರೆ ಸಾಲದು, ಒಳಗಿರುವುದೂ ಅದೇ ಸಾಂದ್ರತೆಯದಾಗಿರಬೇಕು. ಉಪ್ಪಿಗೆ ಉಪ್ಪು, ಸಕ್ಕರೆಗೆ ಸಕ್ಕರೆ.

ಯಾಕೆ ಎಂದು ತೋರಿಸಲು ಅವರು ಮೇಜಿನ ಮೇಲಿನ ಎರಡು ಬಾಟಲಿಗಳನ್ನು ಎತ್ತಿಕೊಳ್ಳುತ್ತಾರೆ. ಒಂದನ್ನು ಎದೆಗವಚಿ, ಇನ್ನೊಂದನ್ನು ಕೈ ನೀಡಿ ದೂರ ಹಿಡಿಯುತ್ತಾರೆ. "ಎರಡೂ ಒಂದೇ ತೂಕ. ಯಾವ ಕೈ ಮೊದಲು ಸೋಲ್ತದೆ? ಈ ಚಾಚಿದ್ದು. ಉಪ್ಪು ನೀರಿಗೆ ಭಾರವೆಲ್ಲ ತಳದಲ್ಲಿ, ಅಂದ್ರೆ ಹೊರಗಡೆ. ಸಕ್ಕರೆ ನೀರಿಗೆ ಉದ್ದಕ್ಕೂ ಹರಡಿರ್ತದೆ. ತಕ್ಕಡಿಗೆ ಈ ವ್ಯತ್ಯಾಸ ಕಾಣೋದಿಲ್ಲೆ. ತಿರುಗಿದಾಗ ಕಾಣ್ತದೆ."

ಬಾಟಲಿಗಳನ್ನು ಕೆಳಗಿಟ್ಟು ಅವರು ಮತ್ತೆ ಪೆಟ್ಟಿಗೆಯ ಮೇಲೆ ಕೈಯಿಡುತ್ತಾರೆ. ವೇಗಮಾಪಕದ ಕಡ್ಡಿ ತೋರಿಸುವ ವೇಗ ಈಗ ಇಪ್ಪತ್ತೆರಡು ಸಾವಿರ.

ಕೊರಲಿಯ ಕತೆ ಮೂರು ವರ್ಷ ಹಿಂದಿನದು. ಮಾಸಿಯವರು ಆ ಹಟ್ಟಿಗೆ ಮದುವೆಯಾಗಿ ಬಂದಾಗ ಮನೆಯ ಕೆಳಗಿನ ಇಳಿಜಾರೆಲ್ಲ ಕೊರಲಿ, ಸಾಮೆಯ ಹೊಲ. ಆ ಹಟ್ಟಿಯ ಕೊರಲಿಗೆ ಕೆಂಪು ಸಿಪ್ಪೆ, ಹಿಮಕ್ಕೆ ಸುಡದ ಗಟ್ಟಿ ಜಾತಿ. ೧೯೭೯ರಲ್ಲಿ ಕೊನೆಯ ಸಲ ಕೊಯ್ದು, ಮರುವರ್ಷ ಹೊಲಕ್ಕೆಲ್ಲ ಚಹಾ ಇಟ್ಟರು. ಮಾಸಿ ಎರಡು ಹಿಡಿಯನ್ನು ಬಿದಿರ ಅಂಡೆಗೆ ತುಂಬಿ, ಬಾಯಿಗೆ ಮೇಣ ಬಳಿದು, ಒಲೆಯ ಮೇಲಿನ ಅಟ್ಟದಲ್ಲಿಟ್ಟರು. ಬಿತ್ತುವುದಕ್ಕಲ್ಲ. ಆ ಹಟ್ಟಿಯಲ್ಲಿ ಯಾರಾದರೂ ತೀರಿಕೊಂಡರೆ ಹೊದಿಸಿದ ಬಟ್ಟೆಯ ಮೂಲೆಯಲ್ಲಿ ಮನೆಯ ಹೊಲದ ಒಂದು ಹಿಡಿ ಕೊರಲಿ ಕಟ್ಟಿ ಕಳಿಸುವ ಪದ್ಧತಿ. ಈಗ ಊಟಿ ಮಾರ್ಕೆಟ್ಟಿನ ಅಕ್ಕಿ ಕಟ್ಟುತ್ತಾರೆ. ಮಾಸಿಗೆ ಅದು ಬೇಡ. ಗಂಡ ಸತ್ತಾಗ ಅಂಡೆಯಲ್ಲಿದ್ದುದರಲ್ಲಿ ಅರ್ಧ ಅವರ ಜೊತೆ ಹೋಯಿತು. ಉಳಿದದ್ದು ತನ್ನ ಪಾಲಿನದು ಎಂದು ಮತ್ತೆ ಮೇಣ ಬಳಿದಿಟ್ಟರು.

೨೦೦೧ರ ಮಳೆಗಾಲದಲ್ಲಿ ಕೇಂದ್ರಕ್ಕೆ ಒಂದು ಪತ್ರ ಬಂತು. ಹೊರದೇಶದ ಒಂದು ಬೀಜ ಭಂಡಾರದಲ್ಲಿ, ಐವತ್ತು ವರ್ಷದ ಹಿಂದೆ ನೀಲಗಿರಿಯಿಂದ ಒಯ್ದ ಮೂವತ್ತೊಂದು ಪೊಟ್ಟಣ ಕೊರಲಿ ಜೀವಂತವಾಗಿದೆ. ಯಾವ ಪೊಟ್ಟಣ ಯಾವ ಹಟ್ಟಿಯದು ಎಂಬ ಬರಹ ಮಾತ್ರ ಅಳಿಸಿಹೋಗಿದೆ. ಹಳೆಯ ಕಾಳೊಂದರ ಡಿಎನ್‌ಎ ತೋರಿಸಿ ಇಂಥದ್ದೇ ನಮ್ಮದು ಎಂದು ಹೊಂದಿಸಿಕೊಟ್ಟರೆ, ಆ ಪೊಟ್ಟಣದಿಂದ ಇಪ್ಪತ್ತು ಕಾಳು ವಾಪಸ್ಸು ಕೊಡಲು ಅವರು ಸಿದ್ಧ. ಆ ಪತ್ರವನ್ನು ಯಾರೋ ತಮಿಳಿಗೆ ತಿರುಗಿಸಿ ಓದುತ್ತಿದ್ದಾಗ ಮಲ್ಲಿ ಅಲ್ಲೇ ಟ್ಯೂಬು ತೊಳೆಯುತ್ತಿದ್ದರು.

"ಆವತ್ತು ಮನೆಗೆ ಓಡಿದೆ. ಮಾಮಿ, ಅಂಡೆ ಕೊಡಿ ಅಂದೆ." ಅತ್ತೆಯನ್ನು ಅವರು ಕರೆಯುವುದು ಮಾಮಿ ಎಂದೇ. "ಅವರು ಕೊಡೋದಿಲ್ಲೆ ಅಂದ್ರು. ಅದು ಎನ್ನ ಸಾವಿನದು, ನೀನು ಯಾಕೆ ಕೇಳ್ತೀ ಹೆಣ್ಣೇ ಅಂದ್ರು. ಹದಿನೈದು ದಿನ ಬೆನ್ನು ಬಿಡಲಿಲ್ಲೆ. ಒಂದು ಹಿಡಿ ಕೊಟ್ರೆ ಒಂದು ಮೂಟೆ ತಂದುಕೊಡ್ತೇನೆ, ನಿಮ್ಮ ಕಾಲದಲ್ಲೇ ಹೊಲದಲ್ಲಿ ಬೆಳೆದು ತೋರಿಸ್ತೇನೆ ಅಂದೆ. ಕೊನೆಗೆ ಕೊಟ್ರು."

ಮೊದಲು ಅರುವತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟರು. ಒಂದೂ ಮೊಳೆಯಲಿಲ್ಲ. ಅದನ್ನು ಕೇಳಿ ಮಾಸಿಯವರು, "ಸತ್ತವಳಿಗೆ ಮೊಳಕೆ ಯಾಕೆ? ಉಳಿದದ್ದು ವಾಪಸ್ಸು ತಾ," ಎಂದರು. ಮಲ್ಲಿ ತರಲಿಲ್ಲ. ಕಾಳು ಹಳೆಯದು, ಇಪ್ಪತ್ತೆರಡು ವರ್ಷದ ಒಲೆಯ ಹೊಗೆ ಹೀರಿಕೊಂಡದ್ದು. ಡಿಎನ್‌ಎ ತೆಗೆಯಲೆಂದು ಅಂಗಡಿಯಲ್ಲಿ ಸಿಗುವ ಸಿದ್ಧ ಕಿಟ್ಟಿನಲ್ಲಿ ನೋಡಿದರೆ ಜಿಗುಟು ಮಸಿಯ ಹೊರತು ಏನೂ ಬರಲಿಲ್ಲ. ಉಪ್ಪಿನ ಇಳಿಜಾರೊಂದೇ ಅದನ್ನು ಶುಚಿಯಾಗಿ ಬಿಡಿಸಬಲ್ಲದು, ಅದಕ್ಕೆ ಸಿಕ್ಕಷ್ಟೂ ಕಾಳು ಬೇಕು ಎಂದಾಯಿತು. ಉಳಿದಷ್ಟನ್ನೂ ಮಲ್ಲಿಯೇ ಒರಳಲ್ಲಿ ಅರೆದರು.

"ಹತ್ತು ಕಾಳು ಎತ್ತಿಡಬಹುದಿತ್ತು," ಎನ್ನುತ್ತಾರೆ. "ಬಟ್ಟೆ ಮೂಲೇಲಿ ಕಟ್ಟೋಕೆ ಹತ್ತು ಕಾಳು ಸಾಕಾಗ್ತಿತ್ತು. ಇಡಲಿಲ್ಲೆ. ಗೆರೆ ಬಂದೇ ಬರ್ತದೆ ಅಂತ ಅಷ್ಟು ಧೈರ್ಯ. ಹದಿನಾಲ್ಕು ವರ್ಷದಲ್ಲಿ ಎನ್ನ ಕೈಲಿ ಗೆರೆ ಬಾರದೆ ಹೋದದ್ದು ಇಲ್ಲೆ."

ಅರೆದ ಸಾರವನ್ನು ಎರಡು ಪಾಲು ಮಾಡಿ ಒಂದನ್ನು ಫ್ರೀಜರಿನಲ್ಲಿಟ್ಟರು. ಇನ್ನೊಂದನ್ನು ನವೆಂಬರಿನ ಒಂದು ಸೋಮವಾರ ತಿರುಗಲು ಬಿಡಬೇಕಿತ್ತು. ಭಾನುವಾರ ಮಲ್ಲಿ ಟ್ಯೂಬು ತುಂಬಿ, ಅದರ ಜೋಡಿ ಟ್ಯೂಬನ್ನೂ ತೂಗಿ ಸ್ಟ್ಯಾಂಡಿನಲ್ಲಿಟ್ಟರು. ಅದೇ ಸ್ಟ್ಯಾಂಡಿನಲ್ಲಿ ಆಲೂಗಡ್ಡೆಯ ಕೆಲಸದ ಸಕ್ಕರೆ ನೀರಿನ ಜೋಡಿ ಟ್ಯೂಬೂ ಇತ್ತು. ಎರಡಕ್ಕೂ ಚೀಟಿ ಅಂಟಿಸಿರಲಿಲ್ಲ. ಯಾವತ್ತೂ ಅಂಟಿಸುತ್ತಿರಲಿಲ್ಲ. ಟ್ಯೂಬನ್ನು ಬೆರಳಲ್ಲಿ ಹಿಡಿದು ಓರೆ ಮಾಡಿದರೆ ಪಾಕ ಹೇಗೆ ಸರಿಯುತ್ತದೆ, ಉಪ್ಪು ಹೇಗೆ ಸರಿಯುತ್ತದೆ ಎಂದು ಅವರಿಗೆ ಗೊತ್ತು. ನಾಳೆ ಬಂದು ಇಡುವವಳು ನಾನೇ ತಾನೇ ಎಂಬ ಭಾವ.

ಆ ಸೋಮವಾರ ಬೆಳಗಿನ ಜಾವ ಹಟ್ಟಿಯಲ್ಲಿ ಭೋಜನ್ ಅವರ ದೊಡ್ಡಪ್ಪ ತೀರಿಕೊಂಡರು. ಬಡಗರ ಹಟ್ಟಿಯಲ್ಲಿ ಸಾವೆಂದರೆ ಒಂದು ಮನೆಯ ಸಾವಲ್ಲ. ಸುತ್ತಲಿನ ಹಟ್ಟಿಗಳವರೆಲ್ಲ ಬರುತ್ತಾರೆ, ಮನೆಯ ಸೊಸೆ ಅಂಗಳ ಬಿಟ್ಟು ಕದಲುವಂತಿಲ್ಲ. ಮಲ್ಲಿ ಇತ್ತಲಾರಿನ ಅಂಗಡಿಯ ಫೋನಿನಿಂದ ಕೇಂದ್ರಕ್ಕೆ ಹೇಳಿ ಕಳಿಸಿದರು: ಬರಲಾಗುವುದಿಲ್ಲ, ಟ್ಯೂಬು ತೂಗಿಟ್ಟಿದ್ದೇನೆ. ಕೇಂದ್ರದಲ್ಲಿದ್ದವರು ಅಮೃತಾ, ಆಗಷ್ಟೇ ಸೇರಿದ್ದ ಸಂಶೋಧಕಿ. ಕೊರಲಿಯ ಟ್ಯೂಬಿಗೆ ಎದುರಿಡಲು ಅವರು ಸ್ಟ್ಯಾಂಡಿನಿಂದ ಒಂದು ಜೋಡಿ ಟ್ಯೂಬು ತೆಗೆದರು. ತೂಗಿ ನೋಡಿದರು. ಎಣ್ಣೆ ತುಂಬಿದ ಉಪ್ಪಿನ ಟ್ಯೂಬಿಗೂ ಬಾಯಿಮಟ್ಟ ಮಂದ ಪಾಕದ ಟ್ಯೂಬಿಗೂ ತೂಕ ಸರಿಸಮ. ಸರಿಯಾದುದೇ ಸಿಕ್ಕಿತು ಎಂದುಕೊಂಡು ಎದುರುಬದುರು ಇಟ್ಟು ಮುಚ್ಚಳ ಹಾಕಿದರು.

ಮೂವತ್ತು ಸಾವಿರ ದಾಟುವಷ್ಟರಲ್ಲಿ ಮಿಷಿನ್ ಕಿರುಚಿದ ಸದ್ದು ರಸ್ತೆಯವರೆಗೂ ಕೇಳಿತಂತೆ. ದಪ್ಪ ಉಕ್ಕಿನ ಗೋಡೆ ತಡೆದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ರೋಟರಿನ ದಂಡ ಬಾಗಿತ್ತು, ಎರಡು ಬಕೆಟ್ಟು ಹರಿದಿದ್ದವು. ಕೊರಲಿಯ ಕೆಂಪು ನೀರು ಒಳಗೋಡೆಗೆಲ್ಲ ಸಿಡಿದಿತ್ತು. ಮೂರನೆಯ ದಿನ ಬಂದ ಮಲ್ಲಿ ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ, ತಲೆ ಒಳಗೆ ಹಾಕಿ, ಆ ಗೋಡೆಯನ್ನು ಒರೆಸಿ ಒರೆಸಿ ಒಂದು ಲೋಟಕ್ಕೆ ಹಿಂಡಿದರು. ಮಿಷಿನ್ನಿನ ಎಣ್ಣೆ, ಲೋಹದ ಪುಡಿ, ಅಷ್ಟೇ.

ವಿಚಾರಣೆ ನಡೆಯಿತು. ಅಮೃತಾ ಅತ್ತು, ತಪ್ಪು ತನ್ನದೆಂದು ಬರೆದುಕೊಟ್ಟರು. ಮಲ್ಲಿ ಅದರ ಕೆಳಗೇ ತಮಿಳಿನಲ್ಲಿ ಬರೆಸಿ ಸಹಿ ಹಾಕಿದರು: ಚೀಟಿ ಅಂಟಿಸದೆ ಹೋದವಳು ನಾನು.

"ಆ ಹುಡುಗಿ ತಪ್ಪು ಇಲ್ಲೆ. ಅವಳು ತೂಗಿದ್ದಾಳೆ. ತಕ್ಕಡಿ ಸರಿ ಅಂತ ಹೇಳ್ತು. ಒಳಗಿರೋದು ಬೇರೆ ಅಂತ ಅವಳಿಗೆ ಯಾರು ಹೇಳಬೇಕಿತ್ತು? ಎನಗೆ ಗೊತ್ತಿದ್ರೆ ಎಲ್ಲರಿಗೂ ಗೊತ್ತು ಅಂತ ನಡ್ಕೊಂಡೆ. ಅದೇ ಗರ್ವ."

ಅಮೃತಾ ಆರು ತಿಂಗಳಲ್ಲಿ ಕೆಲಸ ಬಿಟ್ಟರು. ಮಿಷಿನ್ ರಿಪೇರಿಯಾಗಲು ಎರಡು ವರ್ಷ ಹಿಡಿಯಿತು. ಫ್ರೀಜರಿನ ಅರ್ಧ ಪಾಲನ್ನು ಬೇರೆ ಊರಿಗೆ ಕಳಿಸೋಣ ಎಂದರೆ, ದಾರಿಯಲ್ಲಿ ಐಸ್ ಕರಗಿದರೆ ಇದೂ ಹೋಗುತ್ತದೆ ಎಂದು ಮೇಲಿನವರು ಒಪ್ಪಲಿಲ್ಲ. ಇಲ್ಲಿಯೂ ಅದು ಕರಗದೆ ಉಳಿಯಲಿಲ್ಲ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಈ ಕಡೆ ಮೂರು ದಿನ, ನಾಲ್ಕು ದಿನ. ಜನರೇಟರಿಗೆ ಡೀಸೆಲ್ ಇಲ್ಲದ ದಿನಗಳಲ್ಲಿ ಮಲ್ಲಿ ಐಸ್ ಹುಡುಕಿಕೊಂಡು ಊಟಿ ಮಾರ್ಕೆಟ್ಟಿನ ಮೀನಿನಂಗಡಿಗೆ ಹೋಗಿದ್ದಾರೆ, ಚೀಲದಲ್ಲಿ ಹೊತ್ತು ಬಸ್ಸಿನಲ್ಲಿ ತಂದಿದ್ದಾರೆ. ಆದರೂ ಮೂರು ಸಲ ಆ ಟ್ಯೂಬು ಕರಗಿ ನೀರಾಗಿ ಮತ್ತೆ ಗಟ್ಟಿಯಾಗಿದೆ. ಕರಗಿದಾಗಲೆಲ್ಲ ಒಳಗಿನ ಡಿಎನ್‌ಎ ಎಳೆ ತುಂಡಾಗುತ್ತ ಹೋಗುತ್ತದೆ.

"ಮೀನು ವಾಸನೆ ಬರ್ತದೆ, ಆಚೆ ಕೂತ್ಕೋ ಅಂತ ಬಸ್ಸಲ್ಲಿ ಬೈದರು. ಭೋಜನ್ ಅವರು ಮನೇಲಿ ನಗಾಡಿದ್ರು. ಎನಗೆ ಜ್ವರ ಬಂದ್ರೆ ಒಂದು ಒದ್ದೆ ಬಟ್ಟೆ ಇಲ್ಲೆ, ಆ ಟ್ಯೂಬಿಗೆ ಐಸಾ ಅಂತ."

ಅತ್ತೆ ಏನೆಂದರು?

"ಒಡೆದು ಹೋಯ್ತು ಅಂದಾಗ ಏನೂ ಅನ್ನಲಿಲ್ಲೆ. ಇನ್ನೂ ಅರ್ಧ ಇದೆಯಲ್ಲಾ ಅಂದ್ರು. ಅಷ್ಟೇ. ಆಮೇಲೆ ಕೇಳ್ತಾನೇ ಇದ್ದಾರೆ. ತಿಂಗಳಿಗೊಂದು ಸಲ. ಮಿಷಿನ್ ಸರಿಯಾಯ್ತಾ ಹೆಣ್ಣೇ? ಎಂಬತ್ತೈದು ವರ್ಷ ಅವರಿಗೆ. ಈ ಚಳಿಗಾಲ ಕೆಮ್ಮು ಹಿಡಿದಿದೆ."

ಕಡ್ಡಿ ಈಗ ಆರು ಸಾವಿರಕ್ಕೆ ಇಳಿದಿದೆ. ಕಿಟಕಿಯಾಚೆ ಬೆಟ್ಟದ ಅಂಚು ಬೆಳ್ಳಗಾಗುತ್ತಿದೆ. ಬಾಗಿಲು ತಳ್ಳಿಕೊಂಡು ಮಂಕಿ ಟೋಪಿ ಹಾಕಿದ ಡಾ. ಮಹಾಲಿಂಗಂ ಬರುತ್ತಾರೆ. ಹೋದ ವರ್ಷ ಈ ವಿಭಾಗಕ್ಕೆ ಬಂದವರು, ಇದೇ ಬೆಟ್ಟದ ವೀರಶೈವರ ಮನೆಯವರು. ಮಿಷಿನ್ ಸರಿ ಮಾಡಿಸಿದ್ದು ಅವರೇ. ಕೈಯಲ್ಲಿ ಎರಡು ಲೋಟ ಚಹಾ.

"ಕುಡೀರಿ ಮಲ್ಲಿಯಕ್ಕ. ನಿನ್ನೆಯಿಂದ ಏನೂ ತಿಂದಿಲ್ಲ ಅಂತ ವಾಚ್‌ಮನ್ ಮನೆಯವರು ಹೇಳಿದ್ರು."

"ನಿಲ್ಲಲಿ ಸಾರ್. ಆಮೇಲೆ."

"ತಣ್ಣಗಾಗ್ತದೆ."

"ಆಗಲಿ."

ಆರೂ ಮುಕ್ಕಾಲಕ್ಕೆ ಕಡ್ಡಿ ಸೊನ್ನೆ ಮುಟ್ಟುತ್ತದೆ. ಮಲ್ಲಿ ಇನ್ನೂ ಎರಡು ನಿಮಿಷ ಕಾಯುತ್ತಾರೆ. ಗಾಳಿ ಒಳಗೆ ಬಿಟ್ಟು, ಮುಚ್ಚಳ ಸರಿಸಿ, ಎರಡೂ ಕೈಯಲ್ಲಿ ರೋಟರನ್ನು ನೇರವಾಗಿ ಮೇಲಕ್ಕೆತ್ತಿ ಮೇಜಿನ ಮೇಲಿಡುತ್ತಾರೆ. ಬಕೆಟ್ಟುಗಳನ್ನು ಬಿಚ್ಚಿ, ಚಿಮಟದಿಂದ ಟ್ಯೂಬುಗಳನ್ನು ಎಳೆದು ಸ್ಟ್ಯಾಂಡಿಗೆ ಇಳಿಸುತ್ತಾರೆ. ಇಷ್ಟು ಹೊತ್ತಿನಲ್ಲಿ ಟ್ಯೂಬಿನೊಳಗಿನ ಎಣ್ಣೆಯ ಮೇಲ್ಮೈ ಒಮ್ಮೆಯೂ ಓಲಾಡಿಲ್ಲ. ಎರಡು ಟ್ಯೂಬಿಗೂ ಚೀಟಿ ಅಂಟಿಸಿದೆ. ದಪ್ಪ ಅಕ್ಷರದಲ್ಲಿ, ತಮಿಳಿನಲ್ಲೊಂದು, ಇಂಗ್ಲಿಷಿನಲ್ಲೊಂದು.

ಕಪ್ಪು ಪರದೆ ಎಳೆದು, ಕನ್ನಡಕ ಹಾಕಿಕೊಂಡು, ಮಲ್ಲಿ ನೇರಳೆ ದೀಪ ಹಚ್ಚುತ್ತಾರೆ. ಮೊದಲು ಚಹಾ ಎಲೆಯ ಟ್ಯೂಬು. ನಡುವಿಗಿಂತ ತುಸು ಕೆಳಗೆ, ಕೂದಲೆಳೆ ಎಳೆದ ಹಾಗೆ, ಕಿತ್ತಳೆ ಗೆರೆ ಝಗ್ಗನೆ ಎದ್ದು ಕಾಣುತ್ತದೆ. ಅಂಚು ಒಂದಿಷ್ಟೂ ಸೊಟ್ಟವಿಲ್ಲ. ಮಹಾಲಿಂಗಂ, "ಎಂಥಾ ಗೆರೆ ಅಕ್ಕ!" ಎನ್ನುತ್ತಾರೆ. ಮಲ್ಲಿ ಅದನ್ನು ನೋಡಿಯೂ ನೋಡದಂತೆ ಪಕ್ಕಕ್ಕಿಟ್ಟು ಇನ್ನೊಂದನ್ನು ಬೆಳಕಿಗೆ ಹಿಡಿಯುತ್ತಾರೆ.

ಏನೂ ಇಲ್ಲ.

"ಇರಿ, ಕೋಣೆ ಇನ್ನೂ ಕತ್ತಲಾಗ್ಬೇಕು," ಎಂದು ಮಹಾಲಿಂಗಂ ಪರದೆಯ ಸಂದಿಗೆ ಟೋಪಿ ತುರುಕುತ್ತಾರೆ. ಬಾಗಿಲ ಕೆಳಗೆ ಗೋಣಿ ಚೀಲ ಒತ್ತುತ್ತಾರೆ. ಕಣ್ಣು ಕತ್ತಲಿಗೆ ಹೊಂದಲಿ ಎಂದು ಹತ್ತು ನಿಮಿಷ ಕಾಯುತ್ತಾರೆ. ಮಲ್ಲಿ ಟ್ಯೂಬನ್ನು ಕೆಳಗಿಡುವುದಿಲ್ಲ. ಮತ್ತೆ ನೋಡಿದರೆ, ಗೆರೆ ಇರಬೇಕಾದಲ್ಲಿ ಎರಡು ಬೆರಳಗಲ ಒಂದು ಮಬ್ಬು. ಇದೆ ಎಂದರೆ ಇದೆ, ಇಲ್ಲವೆಂದರೆ ಇಲ್ಲ ಎನ್ನುವಂಥ ಮಬ್ಬು. ಟ್ಯೂಬಿನ ತಳದಲ್ಲಿ ಮಸಿ, ಮೇಲೆ ಕಂದು ನೊರೆ.

"ಪುಡಿ ಆಗಿದೆ ಸಾರ್. ಚೂರು ಚೂರು. ಚೂರು ಗೆರೆ ಕಟ್ಟೋದಿಲ್ಲೆ, ಹರಡ್ತದೆ."

"ಆ ಮಬ್ಬನ್ನಾದರೂ ಎಳೆದಿಡಿ ಅಕ್ಕ."

ಮಲ್ಲಿ ಸಿರಿಂಜಿನ ಸೂಜಿಯನ್ನು ಟ್ಯೂಬಿನ ಪಕ್ಕಕ್ಕೆ ಚುಚ್ಚಿ ಮೆಲ್ಲಗೆ ಎಳೆಯುತ್ತಾರೆ. ಕೈ ಅಲುಗುವುದಿಲ್ಲ. ಎಳೆದದ್ದನ್ನು ಬೆಳಕಿಗೆ ಹಿಡಿಯುತ್ತಾರೆ. "ಇದರಲ್ಲಿ ಹೊಂದಿಸೋಕೆ ಆಗ್ತದಾ? ನಿಜ ಹೇಳಿ."

ಮಹಾಲಿಂಗಂ ಸಿರಿಂಜಿನ ಹತ್ತಿರ ಬಗ್ಗಿ ನೋಡುತ್ತಾರೆ. "ಆಗೋದಿಲ್ಲ ಅಕ್ಕ. ಮೂವತ್ತೊಂದರಲ್ಲಿ ಯಾವುದು ಅಂತ ಹೇಳೋದಕ್ಕೆ ಇದು ಸಾಲದು." ಮತ್ತೆ ತಾನೇ, "ರಿಜಿಸ್ಟರಿನಲ್ಲಿ ಸ್ಪಷ್ಟವಿಲ್ಲ ಅಂತ ಬರೆಯೋಣ. ಮುಂದೆ ಯಾವತ್ತಾದರೂ ನೋಡಬಹುದು."

"ಮುಂದೆ ನೋಡೋಕೆ ಏನಿದೆ ಸಾರ್? ಹಿಟ್ಟಿಲ್ಲೆ, ಕಾಳಿಲ್ಲೆ. ಇಲ್ಲೆ ಅಂತಲೇ ಬರೀರಿ. ಓದಿದವರು ಇನ್ನೊಂದು ಎರಡು ವರ್ಷ ಕಾಯೋದು ಬೇಡ."

ಮಹಾಲಿಂಗಂ ಬರೆಯುತ್ತಾರೆ. ಪರದೆ ಸರಿಸಿದಾಗ ಬಿಸಿಲು ಬಂದಿದೆ. ಹುಲ್ಲಿನ ಹಿಮ ಕರಗಿ ಮೇಲೆ ಹಬೆಯೇಳುತ್ತಿದೆ. ಮಲ್ಲಿ ರೋಟರನ್ನು ಬೆಚ್ಚಗಿನ ನೀರಲ್ಲಿ ತೊಳೆದು, ಒಂದೊಂದು ಬಕೆಟ್ಟಿನ ಒಳಮೈಯನ್ನೂ ಹತ್ತಿಯಲ್ಲಿ ಒರೆಸಿ, ಬಟ್ಟೆಯ ಮೇಲೆ ಬೋರಲು ಹಾಕುತ್ತಾರೆ. ಉಪ್ಪಿನ ಒಂದು ಹನಿ ಉಳಿದರೂ ಲೋಹ ತಿಂದುಹಾಕುತ್ತದೆ. ಆ ಕೆಲಸದಲ್ಲಿ ಅವರು ಆತುರ ಮಾಡುವುದಿಲ್ಲ. ಹೊಳೆಯುವ ಗೆರೆಯ ಚಹಾ ಟ್ಯೂಬು ಸ್ಟ್ಯಾಂಡಿನಲ್ಲೇ ಇದೆ. ಹಗಲು ಬೆಳಕಿನಲ್ಲಿ ಅದೂ ಬರಿಯ ಕೆಂಪು ನೀರು.

"ಈ ಸಲ ಚೂರೂ ಅದುರಲಿಲ್ಲೆ, ಕೈಯಿಟ್ಟು ನೋಡಿದೆ," ಎನ್ನುತ್ತಾರೆ ಕೈ ಒರೆಸಿಕೊಳ್ಳುತ್ತ. "ಎನ್ನಿಂದ ಆಗಬೇಕಾದ್ದು ಸರಿಯಾಗೇ ಆಯ್ತು. ಆದರೆ ಎರಡು ವರ್ಷ ತಡ ಆಯ್ತು."

ಇತ್ತಲಾರಿನ ಬಸ್ಸು ಎಂಟೂ ಹತ್ತಕ್ಕೆ. ಗೇಟಿನ ಹೊರಗೆ ಮಲ್ಲಿ ಖಾಲಿ ಊಟದ ಡಬ್ಬಿ ಹಿಡಿದು ನಿಂತಿದ್ದಾರೆ. ಕೆಳಗಿನ ಇಳಿಜಾರಿನಲ್ಲಿ ಹೆಂಗಸರು ಚಹಾ ಎಲೆ ಕೀಳಲು ಇಳಿಯುತ್ತಿದ್ದಾರೆ. ಅವರಲ್ಲಿ ಪರಿಚಯದವರೊಬ್ಬರು, "ಏನು ಡ್ರೈವರಮ್ಮ, ಬಸ್ಸಿಗೆ ಕಾಯ್ತಿದ್ದೀರಾ?" ಎಂದು ಕೂಗುತ್ತಾರೆ. ಮಲ್ಲಿ ಕೈ ಎತ್ತುತ್ತಾರೆ.

"ಮಾಮಿ ಈಗ ಜಗಲೀಲಿ ಬಿಸಿಲಿಗೆ ಕೂತಿರ್ತಾರೆ. ಎಂಗಳ ಬಸ್ಸಿನ ಸದ್ದು ಅವರಿಗೆ ಗೊತ್ತು. ನಾನು ಮೆಟ್ಟಿಲು ಹತ್ತೋ ಮುಂಚೆ ಮುಖ ನೋಡಿ ತಿಳ್ಕೋತಾರೆ. ಸರಿ ಬಿಡು, ಅಕ್ಕೀನೇ ಕಟ್ಟು ಅಂತಾರೆ. ಅಷ್ಟೇ ಅನ್ನೋದು. ಎನಗೆ ಗೊತ್ತು."

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳುತ್ತದೆ. ಮಲ್ಲಿ ತಲೆಯ ವಸ್ತ್ರ ಬಿಗಿದುಕೊಳ್ಳುತ್ತಾರೆ.

"ಈ ಎರಡು ವರ್ಷದಲ್ಲಿ ಅವರು ಎನ್ನ ಒಂದು ಸಲವೂ ಬೈದಿಲ್ಲೆ. ಇವತ್ತಾದ್ರೂ ಬಾಯಿ ತುಂಬ ಬೈದರೆ ಸಾಕು. ಬೇರೆ ಏನೂ ಬೇಡ."